ದೊಡ್ಡಮ್ಮನ ವಿಯೆನ್ನಾ

ಅವರ ಕಾಲುಗಳು ಮೊಣಕಾಲಿನಿಂದ ಕೆಳಕ್ಕೆ ಉಜ್ಜಿಟ್ಟ ಹಿತ್ತಾಳೆಯಂತೆ ಹೊಳೆಯುತ್ತಿದ್ದವು. ಮುಖದಲ್ಲಿ ವಯಸ್ಸು ಕಾಣುತ್ತಿತ್ತು, ಕುತ್ತಿಗೆಯಲ್ಲಿ ಕಾಣುತ್ತಿತ್ತು. ಕಾಲಲ್ಲಿ ಮಾತ್ರ ಒಂದು ಸುಕ್ಕಿಲ್ಲ, ಒಂದು ಕೂದಲಿಲ್ಲ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕಾಲು ನೀಡಿ ಕೂತು, ಆ ಕಾಲುಗಳ ಮೇಲೆ ಎಳೆಗೂಸನ್ನು ಬೋರಲು ಮಲಗಿಸಿ, ಹರಳೆಣ್ಣೆ ನೀವಿ, ಬಿಸಿನೀರು ಹೊಯ್ದು ಹೊಯ್ದು ಬಂದ ಪಾಲಿಶ್ ಅದು. ನೈರೋಬಿಯಲ್ಲಿ ಹುಟ್ಟಿದ ನಮ್ಮ ಕನ್ನಡದ ಮಕ್ಕಳಲ್ಲಿ ಆ ಕಾಲ ಮೇಲೆ ಮಲಗಿ ಕಿರುಚದವರು ಕಡಿಮೆ. ಈಗ ಗಡ್ಡ ಬಿಟ್ಟುಕೊಂಡು ಇಂಗ್ಲಿಷಿನಲ್ಲಿ ಗತ್ತು ತೋರಿಸುವ ಎಷ್ಟೋ ಹುಡುಗರನ್ನು ಕಂಡಾಗ ನನಗೆ ಒಳಗೊಳಗೇ ನಗು. ನಿನ್ನ ಬೆನ್ನು ನೆಟ್ಟಗಾದದ್ದು ಎಲ್ಲಿ ಅಂತ ನನಗೆ ಗೊತ್ತಪ್ಪ!

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಲಂಗ ಒಂದಿಂಚು ಮೇಲಾದರೂ "ಲೆಗ್ಸ್, ಗರ್ಲ್ಸ್, ಲೆಗ್ಸ್!" ಎಂದು ಕೂಗುತ್ತಿದ್ದ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಪಿಯಾನೋ ಗೊತ್ತು, ಟೇಬಲ್ ಮ್ಯಾನರ್ಸ್ ಗೊತ್ತು. ನೈರೋಬಿಯ ಹೈರಿಡ್ಜ್‌ನ ನಮ್ಮ ಫ್ಲಾಟಿಗೆ ಮಗಳು ಹೆರಿಗೆಗೆ ಬಂದಾಗ ಮಗುವಿಗೆ ನೀರು ಹಾಕುವುದು ಮಾತ್ರ ಗೊತ್ತಿರಲಿಲ್ಲ. ಟವೆಲ್ ಹಿಡಿದು ನಿಂತಿದ್ದೆ. ಮೇಲಿನ ಫ್ಲಾಟಿನಿಂದ ಅವರು ಕರೆಯದೆಯೇ ಇಳಿದು ಬಂದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸರಿ ಆ ಕಡೆ, ಕಾನ್ವೆಂಟು" ಎಂದರು. ಅಂದಿನಿಂದ ಅದೇ ನನ್ನ ಹೆಸರಾಯಿತು. ಅವರಿಗೆ ಇಡೀ ಊರು ಇಟ್ಟ ಹೆಸರು ದೊಡ್ಡಮ್ಮ. ನನಗಿಂತ ಐದಾರು ವರ್ಷಕ್ಕಷ್ಟೇ ದೊಡ್ಡವರು, ಆದರೂ ನಾನೂ ದೊಡ್ಡಮ್ಮ ಎಂದೇ ಕರೆದೆ.

ಅವರ ಮಗ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಸೊಸೆ ಅಲ್ಲಿಯೇ ಲ್ಯಾಬಿನಲ್ಲಿ. ಬಲು ಮೌನದ ಹುಡುಗಿ. ಮೆಟ್ಟಿಲ ಮೇಲೆ ಸಿಕ್ಕರೆ ಒಂದು ನಗೆ, ಅಷ್ಟೇ. ಮೊಮ್ಮಗನ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ದೊಡ್ಡಮ್ಮ ಇಲ್ಲಿಯೇ ಉಳಿದರು. ಮೊದಲೇ ಗಂಡ ತೀರಿಕೊಂಡಿದ್ದರು. ಆಮೇಲೆ ಸೌತ್ ಬಿ ಬಡಾವಣೆಯಲ್ಲಿ ಯಾರಿಗೋ ಹೆರಿಗೆ, ಕಿಲೆಲೆಶ್ವಾದಲ್ಲಿ ಯಾರಿಗೋ ಹೆರಿಗೆ. ಬೆಳಗಾದರೆ ಯಾರದಾದರೂ ಕಾರು ಗೇಟಿನ ಹತ್ತಿರ ಹಾರ್ನ್ ಹಾಕುತ್ತಿತ್ತು.

ದೊಡ್ಡಮ್ಮ ಬಹಳ ದೇಶ ಸುತ್ತಿದವರು. ಅದು ನನಗೆ ತಡವಾಗಿ ತಿಳಿಯಿತು. ಲಂಡನ್ನಿಗೆ ಹೋಗಿದ್ದರು, ಮಸ್ಕತ್ತಿಗೆ ಹೋಗಿದ್ದರು, ವಿಯೆನ್ನಾಕ್ಕೆ ಹೋಗಿದ್ದರು. ಎಲ್ಲ ಬಾಣಂತನಕ್ಕೆ.

"ಲಂಡನ್ ಹೇಗಿತ್ತು ದೊಡ್ಡಮ್ಮ?" ಎಂದು ಕೇಳಿದ್ದೆ.

"ನೀರು ಗಡಸು ಕಣೆ. ಕಡಲೆಹಿಟ್ಟು ಮೈಗೆ ಮೆತ್ಕೊಂಡ್ರೆ ಬಿಡಲ್ಲ."

"ಮಸ್ಕತ್?"

"ತಣ್ಣೀರು ನಲ್ಲೀಲೂ ಬಿಸಿನೀರೇ. ಕೆಲಸ ಸಲೀಸು."

"ವಿಯೆನ್ನಾ?" ಇದನ್ನು ಕೇಳುವಾಗ ನನ್ನ ದನಿ ಮೆತ್ತಗಾಗಿತ್ತು. ಮ್ಯೂಸಿಕ್ ಕ್ಲಾಸಿನ ಸಿಸ್ಟರ್ ಆ ಊರಿನ ಹೆಸರು ಹೇಳುವಾಗ ಕಣ್ಣು ಮುಚ್ಚುತ್ತಿದ್ದರು. ನನಗಂತೂ ಹುಡುಗಿಯಾಗಿದ್ದಾಗಿನಿಂದ ಅದು ಡ್ರೀಮ್ ಸಿಟಿ.

ದೊಡ್ಡಮ್ಮ ಯೋಚಿಸಿ ಹೇಳಿದರು: "ಅರ್ಧ ಚಕ್ರ ನೋಡಿದೆ."

ಅಲ್ಲಿರುವುದು ಅವರ ನಾದಿನಿಯ ಮಗಳು. ತಾಯಿ ಇಲ್ಲದ ಹುಡುಗಿ. ಅವಳ ಗಂಡನಿಗೆ ಅಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸ. ಎಂಬತ್ತರ ದಶಕದ ಶುರುವಿನಲ್ಲಿ ಅವಳ ಚೊಚ್ಚಲ ಹೆರಿಗೆಗೆ ದೊಡ್ಡಮ್ಮ ಮೂರು ತಿಂಗಳು ಹೋಗಿದ್ದರು. ಹೊರಗೆ ಹಿಮ, ಒಳಗೆ ಬಾಣಂತಿ. ಬಟ್ಟೆ ಒಣಹಾಕುವ ಅಡುಗೆಮನೆ ಕಿಟಕಿಯಿಂದ ಎದುರಿನ ಕಟ್ಟಡಗಳ ಮೇಲೆ ಒಂದು ಭಾರೀ ಜೈಂಟ್ ವೀಲ್ ಕಾಣುತ್ತಿತ್ತಂತೆ, ಮೇಲಿನ ಅರ್ಧ ಮಾತ್ರ. ಕೆಂಪು ಗೂಡುಗಳು ಒಂದೊಂದಾಗಿ ಮೇಲೆ ಬಂದು, ಸ್ವಲ್ಪ ನಿಂತು, ಛಾವಣಿಗಳ ಹಿಂದೆ ಇಳಿದುಹೋಗುತ್ತಿದ್ದವಂತೆ. "ಕೆಳಗಡೆ ಏನಾಗತ್ತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ" ಎಂದರು. ಕರೆದುಕೊಂಡು ಹೋಗುವುದು ಯಾರಿಗೂ ಹೊಳೆದಿರಲಿಲ್ಲ. ಬಾಣಂತನಕ್ಕೆ ಬಂದವರಿಗೆ ಊರು ತೋರಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ?

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಒಂದು ಮಧ್ಯಾಹ್ನ ನನ್ನ ಡೈನಿಂಗ್ ಟೇಬಲ್ಲಿಗೆ ಬಂದು ಕೂತು, ಹೆಚ್ಚೇನೂ ಪೀಠಿಕೆಯಿಲ್ಲದೆ ಹೇಳಿದರು. "ಏ ಕಾನ್ವೆಂಟು, ನಾನು ವಿಯೆನ್ನಾಕ್ಕೆ ಹೋಗ್ತೀನಿ. ಮೂರು ದಿನ. ನಂಗೆ ಪ್ಲ್ಯಾನ್ ಮಾಡ್ಕೊಡು."

ಎಲ್ಲರೂ ಕೇಳುವುದೇ ನನ್ನ ಬಾಯಿಂದಲೂ ಬಂತು: "ಯಾರ ಮನೇಗೆ?"

"ಯಾರ ಮನೇಗೂ ಅಲ್ಲ. ಹೋಟ್ಲು. ನಾನು ನೋಡೋಕೆ ಹೋಗ್ತಿರೋದು."

"ನಾನೂ ಬರ್ಲಾ?" ಎಂದೆ.

"ಬೇಡ. ನೀನು ಬಂದ್ರೆ ನಿಂಗೆ ಚಳಿಯಾಯ್ತಾ, ಹಸಿವಾಯ್ತಾ ಅಂತ ನಾನು ನೋಡ್ಕೋತಾ ಕೂರ್ತೀನಿ. ನನ್ನ ಬುದ್ಧಿ ನಂಗೊತ್ತು."

ಹರ್ಟ್ ಆಯಿತು, ಸುಳ್ಳು ಹೇಳುವುದಿಲ್ಲ. ಆದರೂ ಲೈಬ್ರರಿಯಿಂದ ಗೈಡ್‌ಬುಕ್ ತಂದೆ, ಸೈಬರ್ ಕೆಫೆಗೆ ಹೋಗಿ ಮ್ಯಾಪ್ ಪ್ರಿಂಟ್ ಹಾಕಿಸಿದೆ. ಪ್ಲ್ಯಾನ್ ಎಂದರೆ ಪ್ರಾಪರ್ ಆಗಿ ಇರಬೇಕೆಂಬುದು ನನ್ನ ಹಟ. ಮೊದಲ ದಿನ ಅರಮನೆ ಎಂದು ಶುರುಮಾಡಿದೆ.

"ಎಷ್ಟು ದೊಡ್ಡದು?"

"ಸಾವಿರಕ್ಕೂ ಮೇಲೆ ಕೋಣೆ ಇದೆ ಅಂತಾರೆ, ದೊಡ್ಡಮ್ಮ. ಮಾರ್ವಲಸ್!"

"ಗುಡಿಸೋರು ಎಷ್ಟು ಜನ ಇದ್ರಂತೆ?"

"ಅದು ಬುಕ್ಕಲ್ಲಿ ಬರ್ದಿಲ್ಲ."

"ಹಾಗಾದ್ರೆ ಬೇಡ. ಮುಂದೆ."

ಚಿತ್ರಶಾಲೆ ಬೇಡ. ಆಪೆರಾ? "ಕೂಗಾಟ ನಮ್ಮಲ್ಲೇ ಸಾಕಷ್ಟಿದೆ." ದೊಡ್ಡ ಇಗರ್ಜಿ? "ಹೊರಗಿಂದ ನೋಡ್ತೀನಿ, ಮೆಟ್ಟಿಲು ಹತ್ತಲ್ಲ." ಅವರಿಗೆ ಬೇಕಾದದ್ದು ಮೂರು. ಆ ಚಕ್ರ ನೆಲಕ್ಕೆ ಬರುವ ಜಾಗ. ಒಂದು ಕಾಫಿ ಅಂಗಡಿ, ಅಲ್ಲಿ ಬೇರೆ ಯಾರಾದರೂ ಕಾಫಿ ಮಾಡಿ ತಂದುಕೊಡಬೇಕು. ಮತ್ತೆ ಟ್ರಾಮ್, ಹತ್ತಿ, ಅದು ಎಲ್ಲಿ ಕೊನೆಯಾಗುತ್ತದೋ ಅಲ್ಲಿಯವರೆಗೆ ಹೋಗಿ ವಾಪಸ್ಸು ಬರುವುದು. ಊಟ? ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡುತ್ತೇನೆ ಎಂದೆ. ಕೈ ಅಡ್ಡ ಹಿಡಿದರು. "ಡಬ್ಬಿ ಕಟ್ಟಿದ್ರೆ ಅದು ಅಡುಗೆಮನೇನೇ ಆಯ್ತಲ್ಲೇ. ಬ್ರೆಡ್ಡು ತಿಂತೀನಿ. ಸಾಯಲ್ಲ."

ಯುಗಾದಿ ದಿನ ನಮ್ಮವರೆಲ್ಲ ದೇವಸ್ಥಾನದ ಹಾಲಿನಲ್ಲಿ ಸೇರಿದಾಗ ಸುದ್ದಿ ಹರಡಿತು. ಊಟದ ಸಾಲಿನಲ್ಲಿ ಪ್ರತಿಯೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ.

"ವಿಯೆನ್ನಾಕ್ಕಂತೆ! ಯಾರಿಗೆ ದೊಡ್ಡಮ್ಮ?"

ಯಾರಿಗೆ ಹೆರಿಗೆ ಎಂದು ಅರ್ಥ. ಆ ವಯಸ್ಸಿನ ಹೆಂಗಸು ವಿಮಾನ ಹತ್ತಿದರೆ ಆ ತುದಿಯಲ್ಲಿ ಒಬ್ಬಳು ಬಸುರಿ ಇರಲೇಬೇಕು.

ದೊಡ್ಡಮ್ಮ ಒಬ್ಬಟ್ಟು ಮುರಿಯುತ್ತ ಹೇಳಿದರು: "ನಂಗೆ."

ಸಾಲಿಗೆ ಸಾಲೇ ನಗುವೋ ನಗು. "ದೊಡ್ಡಮ್ಮ ಭಾರೀ ಜೋಕು!" ಯಾರೂ ನಂಬಲಿಲ್ಲ. ಗುಟ್ಟು ಮಾಡುತ್ತಿದ್ದಾರೆ, ಚೊಚ್ಚಲು ಇರಬೇಕು, ದೃಷ್ಟಿಯಾದೀತೆಂದು ಹೇಳುತ್ತಿಲ್ಲ ಎಂದು ತಾವೇ ತೀರ್ಮಾನಿಸಿದರು. ಆ ವಾರವಿಡೀ ಮೇಲಿನ ಫ್ಲಾಟಿಗೆ ಪೊಟ್ಟಣಗಳು ಬಂದವು: ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಬಜೆಬೇರು, ಕೈಯಲ್ಲಿ ಹೆಣೆದ ಕುಲಾವಿ. ದೊಡ್ಡಮ್ಮ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಮಟಾಟು ವ್ಯಾನು ಹತ್ತಿ, ಸೌತ್ ಬಿಯಲ್ಲಿ ಆಗಷ್ಟೇ ಹೆತ್ತಿದ್ದ ಹುಡುಗಿಗೆ ಕೊಟ್ಟು ಬಂದರು. "ಇವರಿಗೆ ನಾನು ಬಾಯಲ್ಲಿ ಹೇಳಿದ್ರೆ ಕೇಳಲ್ಲ. ಹೋಗಿ ಬಂದ್ಮೇಲೆ ಕೇಳುತ್ತೆ."

ಮಗ ಮಾತ್ರ ನಂಬಿದ. ನಂಬಿದ್ದಕ್ಕೇ ಸಿಟ್ಟು ಬಂತು. ಅವನು ಕೆಟ್ಟವನಲ್ಲ, ಪಾಪ. ನಾನು ಮ್ಯಾಪ್ ಹಿಡಿದು ಅವರ ಮನೆಯಲ್ಲಿ ಕೂತಿದ್ದಾಗಲೇ ಶುರುಮಾಡಿದ.

"ಅಮ್ಮ, ಜನ ನನ್ನನ್ನ ಏನಂತಾರೆ? ವಯಸ್ಸಾದ ತಾಯೀನ ಒಬ್ಬಳನ್ನೇ ಕಳಿಸಿದ ಅಂತಾರೆ. ಮುಂದಿನ ವರ್ಷ ಎಲ್ಲಾ ಒಟ್ಟಿಗೆ ಹೋಗೋಣ."

"ಎಲ್ಲಾ ಒಟ್ಟಿಗೆ ಹೋದ್ರೆ ನಾನು ಹೋಗೋದು ಅಡುಗೆಮನೇಗೇ ಕಣೋ."

"ಹಾಗಿದ್ರೆ ಕಾಶಿಗೆ ಹೋಗು. ನಾಳೇನೇ ಟಿಕೆಟ್ ಮಾಡಿಸ್ತೀನಿ."

"ಕಾಶಿಗಾದ್ರೆ ನೀನು ಕಳಿಸ್ತೀಯ. ಹೆರಿಗೆಗಾದ್ರೆ ಅವರು ಕರೆಸ್ಕೋತಾರೆ. ದೇವರು ಇಲ್ಲ, ಮಗು ಇಲ್ಲ ಅಂದ್ರೆ ನಾನು ಎಲ್ಲಿಗೂ ಹೋಗ್ಬಾರ್ದಾ?"

ಮಗ ನನ್ನ ಕಡೆ ತಿರುಗಿದ. "ಆಂಟಿ, ನೀವಾದ್ರೂ ಹೇಳಿ."

"ಟ್ರಾಮ್‌ಗೆ ಥ್ರೀ-ಡೇ ಪಾಸ್ ಸಿಗತ್ತಪ್ಪ" ಎಂದೆ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಲೋಟ ಒರೆಸುತ್ತಿದ್ದಳು.

ವೀಸಾಕ್ಕೆ ನಾನೇ ದುಭಾಷಿಯಾಗಿ ಹೋದೆ. ದೊಡ್ಡಮ್ಮನ ಇಂಗ್ಲಿಷ್ ಅಷ್ಟಕ್ಕಷ್ಟೇ. ಸ್ವಾಹಿಲಿ ಮಾತ್ರ, ಬಾಣಂತಿ ಮನೆಗಳ ಕೆಲಸದವರ ಜೊತೆ ಮಾತಾಡಿ ಮಾತಾಡಿ, ನನಗಿಂತ ಚೆನ್ನಾಗಿತ್ತು. ಕಿಟಕಿಯ ಹಿಂದೆ ಕೀನ್ಯಾದ ತರುಣಿಯೊಬ್ಬಳಿದ್ದಳು. ಅಲ್ಲಿ ನಿಮ್ಮವರು ಯಾರಿದ್ದಾರೆ, ಯಾರು ಕರೆದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ನಾದಿನಿಯ ಮಗಳ ವಿಷಯ ಹೇಳಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕಾಲನ್ನು ತುಳಿದರು. ಆ ತರುಣಿ ಮತ್ತೆ ಕೇಳಿದಳು: ಹಾಗಾದರೆ ಯಾಕೆ ಹೋಗುತ್ತಿದ್ದೀರಿ?

ದೊಡ್ಡಮ್ಮ ಕಿಟಕಿಯ ಹತ್ತಿರ ಬಗ್ಗಿ ತಾವೇ ಹೇಳಿದರು: "ನತಾಕಾ ಕುವೋನಾ ತು." ಸುಮ್ಮನೆ ನೋಡಬೇಕು, ಅಷ್ಟೇ.

ಅವಳು ಪೆನ್ನು ಕೆಳಗಿಟ್ಟು ನಕ್ಕಳು. "ಸವಾ, ಮಾಮಾ." ಆಯಿತಮ್ಮ ಎಂದರ್ಥ. "ನನ್ನ ಅಮ್ಮನೂ ಹೀಗೆ ಹೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದು ಸ್ವಾಹಿಲಿಯಲ್ಲಿ ಹೇಳಿದಳು. ವೀಸಾ ಬಂತು, ಟಿಕೆಟ್ ಬಂತು. ಇನ್ನೇನು ಗೆದ್ದೆವು ಎಂದುಕೊಂಡೆ.

ಆಗ ವಿಯೆನ್ನಾದಿಂದಲೇ ಫೋನ್ ಬಂತು. ನೈರೋಬಿಯ ಯಾರದೋ ಬಾಯಿಂದ ಸುದ್ದಿ ನಾದಿನಿಯ ಮಗಳವರೆಗೆ ಮುಟ್ಟಿತ್ತು. ನಾನು ಪಕ್ಕದಲ್ಲಿಯೇ ಇದ್ದೆ. ಅವಳ ದನಿ ರಿಸೀವರ್ ಒಡೆಯುವಷ್ಟು ಜೋರು.

"ಅತ್ತೇ! ನಾನು ಕೇಳೋಕೂ ಮೊದ್ಲೇ ನೀವು ಹೊರಟಿದೀರಂತೆ! ಹೇಗೆ ಗೊತ್ತಾಯ್ತು ನಿಮಗೆ? ಮಗಳಿಗೆ ಒಂಬತ್ತು ತುಂಬ್ತಾ ಬಂತು. ರೂಮ್ ರೆಡಿ ಮಾಡಿದೀನಿ. ಮೂರು ದಿನ ಎಲ್ಲಾ ಆಗಲ್ಲ, ಮೂರು ತಿಂಗಳು ಇರ್ಬೇಕು."

ಈ ಮಗಳು ಬೇರೆ ಯಾರೂ ಅಲ್ಲ. ಅಂದು ಆ ಹಿಮದಲ್ಲಿ ದೊಡ್ಡಮ್ಮನ ಕಾಲ ಮೇಲೆ ಮಿಂದ ಅದೇ ಕೂಸು, ಈಗ ತಾನೇ ಬಸುರಿ.

ದೊಡ್ಡಮ್ಮ "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಅವಳು ಅವರ ಮಗನಿಗೂ ಫೋನ್ ಮಾಡಿದಳು. ಮಗನಿಗೆ ಎಷ್ಟು ಖುಷಿ! ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು: ನೋಡಿದಿರಾ, ನಾವು ಹೇಳಲಿಲ್ಲವೇ, ಹೆರಿಗೆಗೇ ಹೋಗುತ್ತಿರುವುದು.

ಮರುದಿನ ದೊಡ್ಡಮ್ಮ ನನ್ನಲ್ಲಿಗೆ ಬಂದರು. ಅಷ್ಟು ಸಣ್ಣಗೆ ಅವರನ್ನು ನಾನು ಎಂದೂ ಕಂಡಿರಲಿಲ್ಲ. "ಟಿಕೆಟ್ಟು ಬದಲಾಯ್ಸೋಕೆ ಆಗತ್ತೇನೇ? ಮೂರು ತಿಂಗಳಿಗೆ?"

"ಯಾಕೆ?"

"ಮಗು ಅಂದ್ರೆ ಕೈ ಸುಮ್ನಿರಲ್ಲ ಕಣೆ. ಅದೂ ಆ ಹುಡುಗೀದು. ಅವಳ ತಲೆ ದುಂಡಗೆ ಮಾಡಿದ್ದೇ ನಾನು."

"ಅಬ್ಸಲ್ಯೂಟ್ಲಿ ನಾಟ್!" ನನ್ನ ದನಿ ಎಷ್ಟು ಏರಿತೆಂದರೆ ಒಳಗಿದ್ದ ನಮ್ಮ ಯಜಮಾನರು ಎದ್ದು ಬಂದರು. "ಹೋದ್ರೆ ಮತ್ತೆ ಅದೇ ಕಿಟಕಿ, ದೊಡ್ಡಮ್ಮ. ಮತ್ತೆ ಅರ್ಧ ಚಕ್ರ. ಇನ್ನೊಂದು ಸಲ ಹೋಗೋಕೆ ನಿಮಗೇನು ಇಪ್ಪತ್ತಾ?"

"ಬೈತೀಯೇನೇ ನನ್ನ?"

"ಹೌದು, ಬೈತೀನಿ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಮೂಗಿನಲ್ಲಿ ನಕ್ಕರು. "ಕಾನ್ವೆಂಟು ಬಾಯಿ ಬಿಡ್ತು. ಫೋನ್ ಕೊಡಿಲ್ಲಿ."

ಆ ಫೋನ್ ಕಾಲ್ ನಾನು ಸಾಯುವವರೆಗೆ ಮರೆಯುವುದಿಲ್ಲ.

"ನೋಡೇ, ನಾನು ಬರ್ತೀನಿ. ಆದ್ರೆ ನಿನ್ನ ಮನೇಗಲ್ಲ. ಆ ಚಕ್ರ ನೋಡೋಕೆ."

"ಯಾವ ಚಕ್ರ ಅತ್ತೆ? ಆ ಜೈಂಟ್ ವೀಲಾ? ಅದನ್ನ ನಾವೇ ಇನ್ನೂ ಹತ್ತಿಲ್ಲ!"

"ಅದು ನಿನ್ನ ಕರ್ಮ. ಈಗ ಅಜ್ಜಿ ಆಗ್ತಿರೋಳು ನೀನು. ನೀರು ಹಾಕೋಳೂ ನೀನೇ. ಕೂರು, ಹೇಳ್ಕೊಡ್ತೀನಿ. ಒಂದು ದಿಂಬು ತಗೋ. ಕಾಲು ಚಾಚು. ಚಾಚಿದ್ಯಾ?"

"ಸೋಫಾ ಮೇಲೆ…"

"ನೆಲದ ಮೇಲೆ ಕೂರೇ! ದಿಂಬನ್ನ ಬೋರಲು ಹಾಕು. ತಲೆ ಯಾವ ಕಡೆ? ಪಾದದ ಕಡೆಗಿರ್ಲಿ, ಮುಖ ಒಂದು ಪಕ್ಕಕ್ಕೆ. ನೀರು ಮೊಣಕೈಲಿ ನೋಡು, ಬೆರಳಲ್ಲಿ ನೋಡ್ಬೇಡ. ಬೆರಳಿಗೆ ಮರ್ಯಾದೆ ಇಲ್ಲ, ಎಷ್ಟು ಬಿಸಿ ಆದ್ರೂ ತಡ್ಕೊಳತ್ತೆ."

"ನಂಗೆ ಭಯ ಆಗತ್ತೆ ಅತ್ತೆ."

"ಆಗ್ಲಿ. ನಿನ್ನ ಮಗಳಿಗೆ ನೀರು ಹಾಕುವಾಗ ನಂಗೂ ಆಗಿತ್ತು. ಹೇಳಿದ್ನಾ ನಿಂಗೆ?"

ಹೊರಡುವವರೆಗೂ ಈ ಪಾಠ ನಡೆಯಿತು. ಮಗ ಎರಡು ದಿನ ತಾಯಿಯೊಡನೆ ಮಾತು ಬಿಟ್ಟ. ಏರ್‌ಪೋರ್ಟಿಗೆ ಮಾತ್ರ ತಾನೇ ಕಾರು ಓಡಿಸಿದ. ದೊಡ್ಡಮ್ಮನ ಕಾಲಲ್ಲಿ ಹೊಸ ಕ್ಯಾನ್ವಾಸ್ ಶೂಸ್ ಇದ್ದವು. ಯಾರು ತಂದರೋ ನಾನು ಕೇಳಲಿಲ್ಲ.

ಹಿಂದಿರುಗಿ ಬಂದ ಮೇಲೆ ಅವರು ಹೆಚ್ಚೇನೂ ಹೇಳಲಿಲ್ಲ. ಕಾಫಿ ಅಂಗಡಿಯಲ್ಲಿ ಒಂದು ಕಾಫಿಗೆ ಮಧ್ಯಾಹ್ನವೆಲ್ಲ ಕೂತರಂತೆ. ಕೋಟು ಹಾಕಿದ ಮುದುಕನೊಬ್ಬ ಪುಟ್ಟ ತಟ್ಟೆಯಲ್ಲಿ ಕಾಫಿಯ ಜೊತೆ ನೀರನ್ನೂ ಇಟ್ಟು ಹೋದನಂತೆ, ನೀರು ಖಾಲಿಯಾದರೆ ಮತ್ತೆ ತಂದನಂತೆ. "ಯಾರೂ ಏಳು ಅನ್ಲಿಲ್ಲ ಕಣೆ." ನಾದಿನಿಯ ಮಗಳೂ ಆ ಬಸುರಿ ಹುಡುಗಿಯೂ ಅಲ್ಲಿಗೇ ಬಂದರಂತೆ. ಇವರೇ ಕಾಫಿ, ಕೇಕು ಕೊಡಿಸಿ, ಹುಡುಗಿಯ ಹೊಟ್ಟೆ ಮುಟ್ಟಿ ಹರಸಿ, ಅಲ್ಲಿಂದಲೇ ಕಳಿಸಿಕೊಟ್ಟರು. ಮನೆಗೆ ಹೋಗಲಿಲ್ಲ. ಮಗು ಆಮೇಲೆ ಹುಟ್ಟಿತು. ಅಜ್ಜಿಯೇ ನೆಲದಲ್ಲಿ ಕೂತು ನೀರು ಹಾಕಿದಳು. ಮೊದಲ ದಿನ ಮಗುವಿಗಿಂತ ಅಜ್ಜಿಯೇ ಜೋರಾಗಿ ಅತ್ತಳಂತೆ.

"ಚಕ್ರ?" ಎಂದು ಮಗ ಕೇಳಿದ್ದ. "ಕೆಳಗಡೆ ಏನಿತ್ತು?"

"ಒಬ್ಬ ಟಿಕೆಟ್ ಹರಿಯೋನು ಕೂತಿದ್ದ."

"ಅಷ್ಟೇನಾ? ಅಷ್ಟಕ್ಕೆ ಹೋಗಿದ್ದಾ?"

"ಅಷ್ಟೇ ಅಂತ ಗೊತ್ತಾಗೋಕೂ ಹೋಗ್ಬೇಕಿತ್ತಲ್ಲಪ್ಪ."

ನಾನು ಅವರಿಗೆ ಏನು ಸಾಲ ಉಳಿಸಿಕೊಂಡಿದ್ದೇನೆ ಎಂಬುದನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನ ಎಪ್ಪತ್ತನೆಯ ವರ್ಷದಲ್ಲಿ ಒಂದು ಗುರುವಾರ ನಾನು ನೈವಾಶಾ ಸರೋವರಕ್ಕೆ ನೀರಾನೆ ನೋಡಲು ಹೊರಟೆ. ನಮ್ಮ ಯಜಮಾನರು "ಯಾರ ಜೊತೆ?" ಎಂದರು. ಯಾರ ಜೊತೆಗೂ ಅಲ್ಲ ಎಂದೆ. ಅದನ್ನು ಹೇಳುವಾಗ ದನಿ ನಡುಗಲಿಲ್ಲ. ಕಾನ್ವೆಂಟಿನಲ್ಲಿ ಅಷ್ಟೆಲ್ಲ ಎಲೊಕ್ಯೂಷನ್ ಕಲಿಸಿದರೂ ಈ ಒಂದು ವಾಕ್ಯ ಕಲಿಸಿರಲಿಲ್ಲ. ಆಮೇಲೆ ಬಹಳ ಸಲ ಹೋದೆ. ಈಗಲೂ, ಮಂಡಿನೋವು ಬಿಟ್ಟ ದಿನ, ಹೋಗುತ್ತೇನೆ.

ದೊಡ್ಡಮ್ಮ ಇಲ್ಲಿಯೇ, ಹೈರಿಡ್ಜ್‌ನಲ್ಲಿಯೇ ತೀರಿಕೊಂಡರು. ಸಣ್ಣ ಜ್ವರ, ಹೆಚ್ಚು ನರಳಲಿಲ್ಲ. ಶ್ರದ್ಧಾಂಜಲಿ ಸಭೆಗೆ ದೇವಸ್ಥಾನದ ಹಾಲು ತುಂಬಿತ್ತು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ತ್ಯಾಗಮಯಿ ಎಂದರು. ನಿಸ್ವಾರ್ಥ ಸೇವೆ ಎಂದರು. "ಒಂದು ದಿನವೂ ತಮಗಾಗಿ ಬದುಕಲಿಲ್ಲ" ಎಂದು ಒಬ್ಬರು ಕಣ್ಣೊರೆಸಿಕೊಂಡರು, ಎಲ್ಲರೂ ತಲೆದೂಗಿದರು.

ನನಗೆ ಸಿಟ್ಟು ಬಂತು. ಸಾವಿನ ಮನೆಯಲ್ಲಿ ಸಿಟ್ಟು ಬರಬಾರದು, ಅದು ಎಟಿಕೆಟ್ ಅಲ್ಲ. ಆದರೂ ಕೋಲೂರಿ ಎದ್ದು ನಿಂತೆ.

"ಎಕ್ಸ್‌ಕ್ಯೂಸ್ ಮಿ. ಅದು ತಪ್ಪು. ದೊಡ್ಡಮ್ಮ ಮೂರು ದಿನ ತಮಗಾಗಿ ಬದುಕಿದ್ರು. ವಿಯೆನ್ನಾದಲ್ಲಿ. ಅದಕ್ಕೆ ನಮ್ಮೆಲ್ಲರ ಹತ್ರ ಜಗಳ ಆಡಿ ಹೋಗಿದ್ರು. ದಯವಿಟ್ಟು ಅದನ್ನ ಅವರಿಂದ ಕಿತ್ಕೋಬೇಡಿ."

ಮೊದಲ ಸಾಲಿನಲ್ಲಿ ಗಂಡನ ಪಕ್ಕ ಕೂತಿದ್ದ ಸೊಸೆ ನಿಧಾನವಾಗಿ ಎದ್ದು ನನ್ನ ಕಡೆ ತಿರುಗಿದಳು.

"ಮೂರಲ್ಲ ಆಂಟಿ, ನಾಲ್ಕು" ಎಂದಳು.

ಅವಳ ಗಂಡ ತಲೆಯೆತ್ತಿದ. "ನಾಲ್ಕನೇ ದಿನ ಏರ್‌ಲೈನ್ಸ್‌ದು ಏನೋ ಪ್ರಾಬ್ಲಮ್ ಅಂದಿದ್ದೆ ನೀನು."

"ಹಾಗಂತ ಹೇಳು ಅಂದ್ರು. ಅಲ್ಲಿಂದ ನಂಗೆ ಫೋನ್ ಮಾಡಿದ್ರು, ಇನ್ನೊಂದು ದಿನ ಬೇಕು ಅಂತ. ಟಿಕೆಟ್ ಚೇಂಜ್ ಮಾಡಿಸ್ದೋಳು ನಾನೇ."

"ಆ ದಿನ ಏನು ಮಾಡಿದ್ರಂತೆ?"

"ನಾನೂ ಕೇಳಿದೆ" ಎಂದಳು ಸೊಸೆ. "'ನಿಂಗ್ಯಾಕೆ?' ಅಂದ್ರು."